ಅಡಿಕೆ ತೋಟಕ್ಕೆ ತೇವಾಂಶ ಸೆನ್ಸರ್: 2022ರಿಂದ ಬಳಸಿ ನೋಡಿದ್ದು

ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ಹಾಕಿಸಬೇಕಾ ಬೇಡವಾ ಅಂತ ಕೇಳುವವರು ಈಗೀಗ ಜಾಸ್ತಿ ಆಗಿದ್ದಾರೆ. ನಮ್ಮದು ಹೊಸನಗರ ತಾಲ್ಲೂಕು, ರಿಪ್ಪನ್‌ಪೇಟೆ ಕಡೆ. 2022ರ ಮಳೆಗಾಲ ಮುಗಿದ ಮೇಲೆ ಹಾಕಿಸಿದ್ದು, ಇವತ್ತಿಗೂ ನಡೆಯುತ್ತಿದೆ. 2023ರಂಥ ಬರವನ್ನೂ ನೋಡಿದೆ, 2024ರಂಥ ಜಡಿಮಳೆಯನ್ನೂ ನೋಡಿದೆ. ದುಡ್ಡಿಗೆ ಮೋಸ ಇಲ್ಲ. ಆದರೆ ಮಾರುವವರು ಯಾವುದನ್ನು ದೊಡ್ಡದು ಮಾಡಿ ತೋರಿಸಿದರೋ ಅದರಿಂದ ನನಗೆ ಅಂಥ ಉಪಯೋಗ ಆಗಲಿಲ್ಲ. ‘ಈಗ ನೀರು ಬಿಡಿ’ ಅಂತ ಮೊಬೈಲ್‌ಗೆ ಸಂದೇಶ ಬರುತ್ತೆ ಅಂದಿದ್ದರು. ನನಗೆ ಲಾಭ ಆಗಿದ್ದು ನೀರು ಎಲ್ಲಿಗೆ ಸಾಕು ಅಂತ ಗೊತ್ತಾಗಿದ್ದರಿಂದ.

ನಮ್ಮ ತೋಟ ಎರಡು ತುಂಡು. ಮೇಲಿನದು ಗುಡ್ಡದ ಇಳಿಜಾರಿನ ಹಳೇ ತೋಟ, ಹರಳು ಕಲ್ಲಿನ ಗೊಚ್ಚು ಮಣ್ಣು. ಎರಡೂವರೆ ಅಡಿ ತೋಡಿದರೆ ಜಂಬಿಟ್ಟಿಗೆ ಸಿಗುತ್ತದೆ. ಕೆಳಗಿನದು ಗದ್ದೆ ತೆಗೆದು ಅಡಿಕೆ ಹಾಕಿದ್ದು, ಅಂಟು ಮಣ್ಣು. ಎರಡಕ್ಕೂ ಒಂದೇ ಮೋಟರ್, ಒಂದೇ ಡ್ರಿಪ್ ಲೈನು, ಗೇಟ್‌ವಾಲ್ ಮಾತ್ರ ಬೇರೆ. ಬುಡಕ್ಕೆ ಎರಡು ಡ್ರಿಪ್ಪರ್, ಒಂದೊಂದು ಗಂಟೆಗೆ 4 ಲೀಟರ್ ಬಿಡುತ್ತದೆ. ಅಡಿಕೆಗೆ ಬೇಸಿಗೆಯಲ್ಲಿ ಡ್ರಿಪ್ ಆದರೆ ದಿನಕ್ಕೆ 16ರಿಂದ 20 ಲೀಟರ್ ಅಂತ ಶಿಫಾರಸು ಇದೆ. ಅದನ್ನೇ ಹಿಡಿದುಕೊಂಡು ದಿನಾ ಎರಡೂವರೆ ಗಂಟೆ ಎರಡೂ ಕಡೆ ಬಿಡುತ್ತಿದ್ದೆವು. ನಮ್ಮೂರಲ್ಲಿ ಹೆಚ್ಚಿನವರು ಮಾಡುವುದೂ ಹೀಗೇ. ಎಕರೆಗೆ ಸುಮಾರು 550 ಮರ ಅಂದರೆ ದಿನಕ್ಕೆ 11,000 ಲೀಟರ್. ಫೆಬ್ರವರಿ ಹೊತ್ತಿಗೆ ಬಾವಿ ಕೆಳಗೆ ಹೋದಾಗ ಈ ಲೆಕ್ಕ ಹೆದರಿಸುತ್ತದೆ.

ಈಗ ಸಾಧನದ ವಿಷಯ. ಪ್ರತಿ ತುಂಡಿಗೂ ಒಂದು ಜೋಡಿ ಸೆನ್ಸರ್: ಒಂದು ಒಂದಡಿ ಆಳಕ್ಕೆ, ಇನ್ನೊಂದು ಎರಡಡಿ ಆಳಕ್ಕೆ. ಅಡಿಕೆಯ ಬೇರು ಜಾಸ್ತಿ ಇರುವುದು ಈ ಮೇಲಿನ ಎರಡಡಿಯಲ್ಲೇ. ಸೆನ್ಸರ್ ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ಉಕ್ಕಿನ ಜಾಲರಿ ಸುತ್ತಿದ ಒಂದು ತುಂಡು. ಒಳಗೆ ಮರಳಿನಂಥ ಪುಡಿ, ಒಂದು ಜಿಪ್ಸಮ್ ಬಿಲ್ಲೆ, ಎರಡು ತಂತಿ. ಮಣ್ಣು ಒದ್ದೆ ಇದ್ದರೆ ಅದೂ ಒದ್ದೆಯಾಗಿ ಕರೆಂಟು ಸಲೀಸಾಗಿ ಹರಿಯುತ್ತದೆ, ಒಣಗಿದರೆ ತಡೆಯುತ್ತದೆ. ಆ ತಡೆಯನ್ನೇ ಲೆಕ್ಕ ಹಾಕಿ ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸುತ್ತಾರೆ. ಸೋಲಾರ್ ಹಲಗೆ, ಬ್ಯಾಟರಿ, ಸಿಮ್ ಇರುವ ಒಂದು ಡಬ್ಬಿ ಕಂಬದ ಮೇಲೆ ಕೂತು ಅಂಕಿಯನ್ನು ಮೊಬೈಲ್ ಆಪ್‌ಗೆ ಕಳಿಸುತ್ತದೆ. ಎಲ್ಲ ಸೇರಿ 40,000 ರೂಪಾಯಿ ಆಸುಪಾಸು ಬಿತ್ತು. ವರ್ಷದ ಚಂದಾ ಬೇರೆ.

ಈ ಅಂಕಿ ಓದುವುದು ಮೊದಲು ತಲೆಗೆ ಹೋಗುವುದಿಲ್ಲ. ಯಾಕಂದರೆ ಇದು ಉಲ್ಟಾ: ಅಂಕಿ ಏರಿದಷ್ಟೂ ಮಣ್ಣು ಒಣ. ಮಣ್ಣಿನಿಂದ ನೀರು ಎಳೆಯಲು ಬೇರು ಎಷ್ಟು ಕಷ್ಟ ಪಡಬೇಕು ಅನ್ನುವುದರ ಅಳತೆ ಅದು. ಸೊನ್ನೆಯಿಂದ 10 ಅಂದರೆ ನೀರು ತುಂಬಿ ಗಾಳಿಗೆ ಜಾಗ ಇಲ್ಲ. 10ರಿಂದ 30 ಒಳ್ಳೇ ಹದ. 30ರಿಂದ 60ರ ಒಳಗೆ ಸಾಮಾನ್ಯವಾಗಿ ನೀರು ಕೊಡುವ ಸಮಯ. 100 ದಾಟಿದರೆ ಬೇರಿಗೆ ಕಷ್ಟ. ಕೆಲವು ಅಗ್ಗದ ಸೆನ್ಸರ್‌ಗಳು ಇದರ ಬದಲು ತೇವಾಂಶವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತವೆ. ನಮ್ಮ ಮಲೆನಾಡಿಗೆ ಅದರಲ್ಲಿ ತೊಂದರೆ ಇದೆ. ಅಂಟು ಮಣ್ಣಿನಲ್ಲಿ ಶೇಕಡಾ 20 ನೀರಿದ್ದರೂ ಗಿಡಕ್ಕೆ ಸಿಗುವುದು ಕಡಿಮೆ, ಮಣ್ಣೇ ಹಿಡಿದುಕೊಂಡಿರುತ್ತದೆ. ಗೊಚ್ಚು ಮಣ್ಣಿನಲ್ಲಿ ಅದೇ 20 ಬೇಕಾದಷ್ಟಾಯಿತು. ಒಂದೇ ತೋಟದಲ್ಲಿ ಎರಡು ಥರ ಮಣ್ಣು ಇರುವ ನಮ್ಮಂಥವರಿಗೆ ಕಿಲೋಪ್ಯಾಸ್ಕಲ್ ಲೆಕ್ಕವೇ ಸರಿ.

ಹೂಳುವ ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧ ಸಾಧನ ಹಾಳಾಗುವುದು ಇಲ್ಲೇ. ಕಂಪನಿಯಿಂದ ಬಂದ ಹುಡುಗ ಗುದ್ದಲಿಯಲ್ಲಿ ಗುಂಡಿ ತೆಗೆದು, ಒಣ ಸೆನ್ಸರ್ ಇಟ್ಟು, ತೆಗೆದ ಮಣ್ಣನ್ನೇ ಕಲ್ಲು ಸಮೇತ ತುಂಬಿ ಹೋದ. ಮೇಲಿನ ತೋಟದಲ್ಲಿ ನೀರು ಬಿಟ್ಟ ಮರುದಿನವೇ ಅಂಕಿ 90 ತೋರಿಸತೊಡಗಿತು. ಮಣ್ಣು ಮುಟ್ಟಿದರೆ ಹಸಿ. ಸೆನ್ಸರ್ ಸುತ್ತ ಗಾಳಿ ಸಂದು ಉಳಿದಿದ್ದೇ ಕಾರಣ. ಮತ್ತೆ ಕಿತ್ತು ನಾವೇ ಹೂಳಿದೆವು. ಸೆನ್ಸರನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಸಿಟ್ಟೆವು. ಡ್ರಿಪ್ಪರ್‌ನಿಂದ ಒಂದಡಿ ದೂರ, ಬುಡದಿಂದ ಎರಡಡಿ ಈಚೆ, ಹಾರೆಯಲ್ಲಿ ಸೆನ್ಸರ್ ಹೋಗುವಷ್ಟೇ ಸಣ್ಣ ತೂತು ಹೊಡೆದೆವು. ಒಳಗಿಂದ ಬಂದ ಮಣ್ಣನ್ನು ಜರಡಿ ಹಿಡಿದು, ಹರಳು ತೆಗೆದು, ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ತೂತಿನ ತಳಕ್ಕೆ ಸುರಿದೆವು. ಸೆನ್ಸರ್ ಇಳಿಸಿದಾಗ ಕೆಸರು ಸುತ್ತಲಿಂದ ಉಬ್ಬಿ ಮೇಲೆ ಬರಬೇಕು. ಆಗ ಸಂದು ಉಳಿಯುವುದಿಲ್ಲ. ಮೇಲಿನಿಂದ ನೀರು ತೂತಿನ ಗುಂಟ ನೇರ ಇಳಿಯದ ಹಾಗೆ ಮಣ್ಣು ತುಂಬಿ ಗಟ್ಟಿ ತುಳಿದು ಸಣ್ಣ ದಿಬ್ಬ ಮಾಡಿದೆವು. ವಾರದೊಳಗೆ ಅಂಕಿ ಸರಿದಾರಿಗೆ ಬಂತು. ನೀವು ಹಾಕಿಸುವುದಾದರೆ ಪಕ್ಕದಲ್ಲಿ ನಿಂತು ಹೀಗೇ ಮಾಡಿಸಿ.

ಸಾಧನ ಹಾಕಿದಾಗ ಅಪ್ಪಯ್ಯ ಕೇಳಿದ್ದು ಒಂದೇ: “ಮಣ್ಣು ಮುಟ್ಟಿದ್ರೆ ಗೊತ್ತಾಗಲ್ವನೋ? ಅದಕ್ಕೂ ಮಿಷನ್ ಬೇಕಾ?” ಮೇಲಿನ ನಾಲ್ಕು ಬೆರಳು ಮಣ್ಣಿನ ವಿಷಯದಲ್ಲಿ ಅವರ ಕೈ ಯಾವ ಮಿಷನ್‌ಗೂ ಕಡಿಮೆ ಇಲ್ಲ. ಹಿಡಿ ಮಣ್ಣು ಅದುಮಿ ಹದ ಹೇಳುತ್ತಾರೆ. ಆದರೆ ಎರಡಡಿ ಕೆಳಗೆ ಕೈ ಹೋಗುವುದಿಲ್ಲ ಅಲ್ವಾ? ನಮ್ಮ ನೀರಿನ ಲೆಕ್ಕವನ್ನೆಲ್ಲ ಬದಲಾಯಿಸಿದ್ದು ಆ ಎರಡಡಿಯ ಸೆನ್ಸರ್.

ಕೆಳಗಿನ ತೋಟದಲ್ಲಿ ಅದು ಜನವರಿಯಲ್ಲೂ 8ರ ಮೇಲೆ ಏಳುತ್ತಿರಲಿಲ್ಲ. ದಿನಾ ಬಿಡುವ ನೀರು ಬೇರಿನ ಕೆಳಗೆ ಹೋಗಿ ಕೂರುತ್ತಿತ್ತು ಅಂತ ಅರ್ಥ. ಆ ತುಂಡಿನ ಮರಗಳು ಯಾಕೆ ಸ್ವಲ್ಪ ಹಳದಿ ಅಂತ ಗೊಬ್ಬರದಲ್ಲಿ ಉತ್ತರ ಹುಡುಕುತ್ತಿದ್ದೆವು. ಅಡಿಕೆಗೆ ನೀರು ಬೇಕು, ನಿಂತ ನೀರು ಆಗುವುದಿಲ್ಲ. ಮೇಲಿನ ತೋಟದ ಕಥೆ ಬೇರೆ. ಎರಡೂವರೆ ಗಂಟೆ ಒಂದೇ ಸಲ ಬಿಟ್ಟರೆ ಮೊದಲ ಗಂಟೆ ಕಳೆಯುತ್ತಿದ್ದಂತೆ ಆಪ್‌ನ ಗ್ರಾಫ್‌ನಲ್ಲಿ ಎರಡಡಿಯ ಗೆರೆ ಧಡಕ್ಕನೆ ಕೆಳಗೆ ಬೀಳುತ್ತಿತ್ತು. ಗೊಚ್ಚು ಮಣ್ಣಿನಲ್ಲಿ ನೀರು ಪಕ್ಕಕ್ಕೆ ಹರಡದೆ ನೇರ ಇಳಿದುಬಿಡುತ್ತದೆ. ಆಮೇಲೆ ಬಿಟ್ಟಿದ್ದೆಲ್ಲ ಬೇರು ದಾಟಿ ಹೋದ ನೀರೇ. ಮಾರ್ಚ್‌ನಲ್ಲಿ ಎರಡು ದಿನ ನೀರು ತಪ್ಪಿದರೆ ಮತ್ತೆ ಒಂದಡಿಯ ಅಂಕಿ 12ರಿಂದ 40ಕ್ಕೆ ಹಾರುತ್ತಿತ್ತು.

ಹಾಗಾಗಿ ಮೇಲಿನ ತೋಟಕ್ಕೆ ಒಂದೂಕಾಲು ಗಂಟೆಯಂತೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಾಡಿದೆವು. ಕೆಳಗಿನದಕ್ಕೆ ಮೂರು ದಿನಕ್ಕೊಮ್ಮೆ. ಮೇಲೆ ಒಂದಡಿಯ ಅಂಕಿ 30 ದಾಟಲು ಬಿಡುವುದಿಲ್ಲ, ಕೆಳಗೆ 45ರವರೆಗೂ ಕಾಯುತ್ತೇವೆ. ಇಷ್ಟೇ ಬದಲಾವಣೆ. ಆಪ್‌ನಲ್ಲಿ ಬರುವ ‘ನೀರು ಬಿಡಿ’ ಸಂದೇಶ ಎರಡೂ ಕಡೆಗೆ ಒಂದೇ ಅಂಕಿ ಇಟ್ಟುಕೊಂಡಿತ್ತು. ಅದನ್ನು ನಂಬಿಕೊಂಡಿದ್ದರೆ ಏನೂ ಸುಧಾರಿಸುತ್ತಿರಲಿಲ್ಲ.

ಇದರ ಬೆಲೆ ಗೊತ್ತಾಗಿದ್ದು 2023ರಲ್ಲಿ. ಜೂನ್‌ನಲ್ಲಿ ಮಳೆ ತಡ ಮಾಡಿತು. ಆಗಸ್ಟ್ ಅಂತೂ ದೇಶಕ್ಕೇ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಮಲೆನಾಡಲ್ಲೂ ಬರವಾ ಅಂತ ಹೊರಗಿನವರಿಗೆ ಅನ್ನಿಸಬಹುದು. ನಮಗೆ 2024ರ ಫೆಬ್ರವರಿಯಲ್ಲೇ ಬಾವಿಯ ತಳದ ಕಲ್ಲು ಕಂಡಿತು. ಬುಡಕ್ಕೆ 20 ಲೀಟರ್ ಕೊಡುವ ಮಾತೇ ಇರಲಿಲ್ಲ, ಎಲ್ಲ ಸೇರಿ 12 ಸಿಕ್ಕಿದರೆ ಹೆಚ್ಚು. ಆಗ ಕೆಳಗಿನ ತೋಟವನ್ನು ಐದಾರು ದಿನ ಧೈರ್ಯವಾಗಿ ಬಿಡಲು ಸಾಧ್ಯ ಆಯಿತು, ಎರಡಡಿಯಲ್ಲಿ ಇನ್ನೂ 25 ಇದೆ ಅಂತ ಕಣ್ಣಿಗೆ ಕಾಣುತ್ತಿತ್ತಲ್ಲ. ಉಳಿದ ನೀರೆಲ್ಲ ಮೇಲಿನದಕ್ಕೆ. ಮಿಳ್ಳೆ (ಎಳೆ ಕಾಯಿ) ಉದುರುವುದು ಪೂರ್ತಿ ನಿಲ್ಲಲಿಲ್ಲ, ಆದರೆ ಸೋಗೆ ಜೋತುಬಿದ್ದ ಮರ ಒಂದೂ ಇರಲಿಲ್ಲ. ಅಡಿಕೆ ಮರ ಒಮ್ಮೆ ಬಾಯಾರಿ ಸೋತರೆ ಮತ್ತೆ ಮೊದಲಿನ ಫಸಲಿಗೆ ಬರಲು 2-3 ವರ್ಷ ಹಿಡಿಯುತ್ತದೆ. ಅದನ್ನು ತಪ್ಪಿಸಿದ್ದಕ್ಕೆ ನಾನು ಈ ಸಾಧನಕ್ಕೆ ಋಣಿ.

ಕರೆಂಟಿನ ಲೆಕ್ಕದಲ್ಲೂ ನೆಮ್ಮದಿ. ಪಂಪ್‌ಸೆಟ್‌ಗೆ ಮೂರು ಫೇಸ್ 7 ಗಂಟೆ ಅಂತ ಹೇಳಿಕೆ, ಅದರಲ್ಲಿ ಒಂದು ಭಾಗ ರಾತ್ರಿ. ಯಾವ ವಾಲ್ ತೆರೆಯಬೇಕು ಅಂತ ಮಲಗುವ ಮೊದಲೇ ನಿರ್ಧಾರ ಮಾಡಿ, ಪಂಪ್‌ಹೌಸ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ. ಅಪ್ಪಯ್ಯನೂ ಈಗ ಊಟಕ್ಕೆ ಕೂತಾಗ “ಕೆಳಗಿನ ಕಡ್ಡಿ ಎಷ್ಟು ತೋರಿಸ್ತಿದೆ?” ಅಂತ ಕೇಳುತ್ತಾರೆ.

ಬೇಸಿಗೆ ಮಳೆಯ ಬಗ್ಗೆ ನಮಗಿದ್ದ ನಂಬಿಕೆ ಒಂದು ಸುಳ್ಳಾಯಿತು. ಏಪ್ರಿಲ್‌ನಲ್ಲಿ ಗುಡುಗು ಸಿಡಿಲಿನ ಜೊತೆ 10 ಮಿಲಿಮೀಟರ್ ಮಳೆ ಬಂದರೆ ಎರಡು ದಿನ ಮೋಟರ್ ನಿಲ್ಲಿಸುವುದು ಎಲ್ಲರ ರೂಢಿ. 10 ಮಿಲಿಮೀಟರ್ ಅಂದರೆ ಎಕರೆಗೆ ಸುಮಾರು 40,000 ಲೀಟರ್, ಕಡಿಮೆ ಏನಲ್ಲ. ಆದರೆ ಸೋಗೆ ಮೇಲೆ ಒಂದಿಷ್ಟು, ಬುಡದ ಒಣ ಎಲೆ, ಅಂದರೆ ದರಕಿನ ಮೇಲೆ ಒಂದಿಷ್ಟು ನಿಂತು ಆರಿಹೋಗುತ್ತದೆ. ಉಳಿದದ್ದು ತೋಟವಿಡೀ ತೆಳ್ಳಗೆ ಹರಡುತ್ತದೆ. ಒಂದಡಿಯ ಗೆರೆ ಅಲುಗಾಡುವುದೇ ಇಲ್ಲ. 25 ಮಿಲಿಮೀಟರ್ ದಾಟಿದ ಮಳೆಗೆ ಮಾತ್ರ ನಮ್ಮಲ್ಲಿ ಅದು ಇಳಿಯುತ್ತದೆ. ಈಗ ಸಣ್ಣ ಮಳೆಗೆ ಮೋಟರ್ ನಿಲ್ಲಿಸುವುದಿಲ್ಲ.

ಸೊಪ್ಪಿನ ಹೊದಿಕೆಯ ವಿಷಯವೂ ಹಾಗೇ, ಹಿರಿಯರು ಹೇಳಿದ್ದನ್ನು ಅಂಕಿಯಲ್ಲಿ ನೋಡುವ ಆಸೆ ಇತ್ತು. ಮೇಲಿನ ತೋಟದಲ್ಲಿ ಬುಡಕ್ಕೆ ದಪ್ಪಗೆ ದರಕು ಹಾಕಿದ ಸಾಲು, ಹಾಕದ ಸಾಲು ಎರಡನ್ನೂ ಹೋಲಿಸಿದೆ. ಇದಕ್ಕೆ ಒಂದು ಟೆನ್ಶಿಯೋಮೀಟರ್ (ಇದೇ ಅಂಕಿಯನ್ನು ಸಿಮ್ ಇಲ್ಲದೆ ಮೀಟರ್‌ನಲ್ಲಿ ತೋರಿಸುವ ಕೊಳವೆ) ಕೊಂಡು ಬರಿ ಸಾಲಿನಲ್ಲಿ ನಿಲ್ಲಿಸಿದ್ದೆ. ಬರಿ ಬುಡದಲ್ಲಿ ಎರಡನೇ ದಿನಕ್ಕೆ 30 ಮುಟ್ಟಿದರೆ, ಹೊದಿಕೆ ಇದ್ದಲ್ಲಿ ಮೂರನೇ ದಿನದ ಸಂಜೆಯಾದರೂ 30 ಆಗುತ್ತಿರಲಿಲ್ಲ. ಸೊಪ್ಪು ತರಲು ಆಳು ಸಿಗುವುದಿಲ್ಲ ಅಂತ ಹೊದಿಕೆ ಬಿಡುತ್ತಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆ ಪಕ್ಷ ಬಿದ್ದ ಸೋಗೆಯನ್ನಾದರೂ ಕಡಿದು ಬುಡಕ್ಕೆ ಹಾಕಿ.

ಮಳೆಗಾಲದಲ್ಲಿ ಸಾಧನ ಸುಮ್ನೆ ಇರುತ್ತದೆ ಅಂದುಕೊಂಡಿದ್ದೆ. ಜುಲೈನಲ್ಲಿ ಎಲ್ಲ ಅಂಕಿ ಸೊನ್ನೆಯೇ. ಆದರೆ ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ ನೋಡಬೇಕು. ಬಸಿಗಾಲುವೆ ಚೆನ್ನಾಗಿದ್ದರೆ ಅಂಕಿ ಸೊನ್ನೆಯಿಂದ ಮೆಲ್ಲಗೆ ಏಳೆಂಟಕ್ಕೆ ಏರುತ್ತದೆ. ಕೆಳಗಿನ ತೋಟದಲ್ಲಿ ಅದು ಸೊನ್ನೆಯಲ್ಲೇ ಕೂತಿತ್ತು. ಹೋಗಿ ನೋಡಿದರೆ ಗದ್ದೆಯ ಹಳೇ ಬದುವಿನ ಹತ್ತಿರ ಕಾಲುವೆ ಕುಸಿದು ನೀರು ಕಟ್ಟಿತ್ತು. ಕಾಲುವೆಯನ್ನು ಎರಡೂವರೆ ಅಡಿ ಆಳಕ್ಕೆ ತೋಡಿಸಿದ ಮೇಲೆ ಬದಲಾಯಿತು. ಬಸಿಯದ ಜಾಗದಲ್ಲಿ ಅಡಿಕೆಗೆ ಅಣಬೆ ರೋಗ, ಮರಕ್ಕೆ ಹಬ್ಬಿಸಿದ ಕಾಳುಮೆಣಸಿಗೆ ಸೊರಗು ರೋಗ ಬರುವುದು ಜಾಸ್ತಿ. ಹಾಗಾಗಿ ಮಳೆಗಾಲದ ಆ ಸೊನ್ನೆಯನ್ನು ತಾತ್ಸಾರ ಮಾಡಬೇಡಿ.

ತಕರಾರುಗಳೂ ಇವೆ. ಸೋಲಾರ್ ಹಲಗೆ ಅಡಿಕೆ ನೆರಳಲ್ಲಿ ಚಾರ್ಜ್ ಆಗುವುದಿಲ್ಲ. ಡಬ್ಬಿಯನ್ನು ಬಿಸಿಲು ಬೀಳುವ ಅಂಚಿಗೆ ಸಾಗಿಸಿ ಉದ್ದ ಕೇಬಲ್ ಎಳೆಯಬೇಕಾಯಿತು. ಆ ಕೇಬಲನ್ನು ಹೆಗ್ಗಣ ಕಡಿದು, ಸರಿ ಮಾಡುವ ಹೊತ್ತಿಗೆ ಹಂದಿ ಬುಡ ಅಗೆದು ಎಳೆದುಹಾಕಿತು. ಈಗ ಪೂರ್ತಿ ಜಿಐ ಪೈಪಿನೊಳಗೆ ಹಾಕಿದ್ದೇವೆ. ಮಳೆ ಗಾಳಿಗೆ ಟವರ್ ಸತ್ತರೆ ಡೇಟಾ ಬರುವುದಿಲ್ಲ, ಆ ದಿನಗಳ ಅಂಕಿ ಆಮೇಲೂ ಸೇರುವುದಿಲ್ಲ. ಇದು ಕಂಪನಿಯವರು ಸರಿ ಮಾಡಬಹುದಾದ ಲೋಪ, ಹೇಳಿ ಹೇಳಿ ಸಾಕಾಯಿತು. ಆಪ್ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ನೀರು ಬಿಡುವ ಹುಡುಗನಿಗೆ ಅದು ಓದಲು ಬರುವುದಿಲ್ಲ. ತೋಟದಲ್ಲಿ ನಿಜವಾಗಿ ಬಳಸುವವನಿಗೇ ಎಟುಕದಿದ್ದರೆ ಹೇಗೆ? ಎಲ್ಲಕ್ಕಿಂತ ಬೇಸರ ಆಗಿದ್ದು ಚಂದಾ ಕಟ್ಟುವುದು ಸ್ವಲ್ಪ ತಡ ಆದಾಗ ಹಳೇ ಗ್ರಾಫ್ ಎಲ್ಲ ಮುಚ್ಚಿಟ್ಟಿದ್ದು. ನಮ್ಮ ಮಣ್ಣಿನ ಲೆಕ್ಕ ನಮಗೇ ಸಿಗದೆ ಹೋಯಿತು. ಆಮೇಲೆ ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುತ್ತೇನೆ. ಕೊಳ್ಳುವ ಮೊದಲು ಇದನ್ನು ಖಂಡಿತ ಕೇಳಿ.

ಎಲ್ಲರಿಗೂ ಇದು ಬೇಕಾ? ಒಂದೇ ಥರದ ಮಣ್ಣು, ಒಂದೆಕರೆ, ನೀರಿಗೆ ಕೊರತೆ ಇಲ್ಲ ಅಂದರೆ ಬೇಡ. ಅಂಥವರಿಗೆ ಒಂದು ಜೋಡಿ ಟೆನ್ಶಿಯೋಮೀಟರ್ ಸಾಕು. ನೀರು ತುಂಬಿದ ಕೊಳವೆ, ತುದಿಗೆ ಮಣ್ಣಿನ ಬಟ್ಟಲು, ಮೇಲೊಂದು ಗಡಿಯಾರದಂಥ ಮೀಟರ್. ಸಿಮ್ಮೂ ಇಲ್ಲ, ಚಂದಾನೂ ಇಲ್ಲ. ಆಗಾಗ ನೀರು ತುಂಬಬೇಕು, 80 ದಾಟಿದರೆ ಗಾಳಿ ಹೊಕ್ಕು ಕೈಕೊಡುತ್ತದೆ, ಅಷ್ಟೇ. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರು ಮಾಡಿದ ಕೈಯಲ್ಲಿ ಹಿಡಿಯುವ ಸಾಧನವೂ ಇದೆ. ಎರಡು ಕಡ್ಡಿ ಮಣ್ಣಿಗೆ ಚುಚ್ಚಿದರೆ ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪದಲ್ಲಿ ತೇವ ಹೇಳುತ್ತದೆ. ಗೆಳೆಯರೊಬ್ಬರ ತೋಟದಲ್ಲಿ ನೋಡಿದೆ. ಮೆತ್ತನೆ ಮಣ್ಣಿಗೆ ಚೆನ್ನ, ನಮ್ಮ ಗೊಚ್ಚಿಗೆ ಬೇಸಿಗೆಯಲ್ಲಿ ಕಡ್ಡಿ ಇಳಿಯುವುದು ಕಷ್ಟ.

ಎರಡು ಮೂರು ಎಕರೆ, ಬೇರೆ ಬೇರೆ ಮಣ್ಣು, ಫೆಬ್ರವರಿಗೆ ಬತ್ತುವ ಬಾವಿ ಇದ್ದವರು ಹಾಕಿಸಿ. ಒಂದೇ ಆಳದ ಸೆನ್ಸರ್ ಅಗ್ಗಕ್ಕೆ ಕೊಡುತ್ತೇವೆ ಅಂದರೆ ಒಪ್ಪಬೇಡಿ, ಎರಡಡಿಯದು ಬೇಕೇ ಬೇಕು. ಹಾಕಿಸುವುದಾದರೆ ನವೆಂಬರ್‌ನಲ್ಲಿ ಹಾಕಿಸಿ. ಮಣ್ಣು ಇನ್ನೂ ಹಸಿ ಇರುತ್ತದೆ, ಹಾರೆ ಸಲೀಸಾಗಿ ಇಳಿಯುತ್ತದೆ. ಬೇಸಿಗೆ ಬಲಿಯುವ ಮೊದಲು ನಿಮ್ಮ ಮಣ್ಣು ಯಾವ ವೇಗದಲ್ಲಿ ಒಣಗುತ್ತದೆ ಅಂತ ಅಡಿಕೆ ಕೊಯ್ಲಿನ ಹೊತ್ತಿಗೇ ಗೊತ್ತಾಗಿರುತ್ತದೆ.