ಗ್ರೇಟ್‌ಫುಲ್ ಡೆಡ್ ಲೈವ್ ಧ್ವನಿಮುದ್ರಣಗಳು: 14 ವರ್ಷ ಕೇಳಿದ ಮೇಲೆ

ಈ ಅಮೆರಿಕನ್ ರಾಕ್ ಸಂಗೀತ ತಂಡವನ್ನು ನಾನು ವೇದಿಕೆಯ ಮೇಲೆ ನೋಡಿದವನಲ್ಲ. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ನನಗೆ ಅವರ ಹೆಸರೂ ಗೊತ್ತಿರಲಿಲ್ಲ. ಕೇಳಿದ್ದೆಲ್ಲ ಕೆಲವು ಸಿ.ಡಿ.ಗಳಲ್ಲಿ ಮತ್ತು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದ ದೊಡ್ಡ ಸಂಗ್ರಹದಲ್ಲಿ. ಅಲ್ಲಿ ಒಂದೇ ಹಾಡು ನೂರಾರು ಸಲ ಸಿಗುತ್ತದೆ, ಹೊಸಬರಿಗೆ ದಿಕ್ಕು ತಪ್ಪುವುದು ಸಹಜ.

ಕರಾವಳಿಯಲ್ಲಿ ಬೆಳೆದವರಿಗೆ ಈ ಹುಚ್ಚನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಳ ಒಂದೇ ಪ್ರಸಂಗವನ್ನು ಹತ್ತು ಊರಲ್ಲಿ ಆಡಿದರೆ ಹತ್ತೂ ಊರಿಗೆ ಹೋಗುವವರು, ಭಾಗವತರ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂರುವವರು ನಮ್ಮಲ್ಲೂ ಇದ್ದರು. ಈ ತಂಡವಂತೂ ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಗಳಿಗೆಂದೇ 1984ರಿಂದ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟಿತು.

ಮೊದಲು ಕೇಳಬೇಕಾದದ್ದು 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಎರಡನೇ ಭಾಗದ ಆರಂಭದಲ್ಲಿ ತಂಡದವರು, ಮುಂದೆ ನಿಂತವರು ನುಜ್ಜುಗುಜ್ಜಾಗುತ್ತಿದ್ದಾರೆ, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದು ಬೇಡಿಕೊಳ್ಳುತ್ತಾರೆ. ಆಮೇಲೆ ‘ಸ್ಕಾರ್ಲೆಟ್ ಬಿಗೋನಿಯಾಸ್’ ಶುರು. ಅದು ಎಲ್ಲಿ ಮುಗಿದು ‘ಫೈರ್ ಆನ್ ದ ಮೌಂಟನ್’ ಎಲ್ಲಿ ಹುಟ್ಟುತ್ತದೆ ಎಂದು ಇವತ್ತಿಗೂ ನಾನು ಬೆರಳಿಟ್ಟು ತೋರಿಸಲಾರೆ. ಫಿಲ್ ಲೆಶ್ ಅವರ ಬಾಸ್ ಗಿಟಾರ್ ಮೊದಲು ವಾಲುತ್ತದೆ, ಇಬ್ಬರು ಡ್ರಮ್ಮರ್‌ಗಳು ನಿಧಾನಕ್ಕೆ ಹಿಂಬಾಲಿಸುತ್ತಾರೆ. ಎರಡನೆಯ ಹಾಡಿಗೆ ಆಧಾರ ಎರಡೇ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು. ಅಷ್ಟರ ಮೇಲೆ ಕಾಲು ಗಂಟೆ ಕಳೆದರೂ ಬೇಸರ ಬರುವುದಿಲ್ಲ. ಕೊನೆಯ ಕಡೆಗೆ ‘ಮಾರ್ನಿಂಗ್ ಡ್ಯೂ’ ಬರುತ್ತದೆ. ಪಿಸುಮಾತಿನಷ್ಟು ಮೆಲ್ಲಗೆ ತೊಡಗಿ ಗಾರ್ಸಿಯಾ ಕೈ ಕಾಣದಷ್ಟು ವೇಗದಲ್ಲಿ ತಂತಿ ಮೀಟುವ ಹೊತ್ತಿಗೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟಿರುತ್ತೇನೆ.

ಇಷ್ಟು ಸ್ವಚ್ಛವಾಗಿ ಇದು ನಮಗೆ ದಕ್ಕಿದ್ದು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಧ್ವನಿ ತಂತ್ರಜ್ಞೆಯಿಂದ. ಅವರ ಟೇಪುಗಳು ಗೋದಾಮಿನ ಬಾಡಿಗೆ ಬಾಕಿಯಾಗಿ 1986ರಲ್ಲಿ ಹರಾಜಾದವು. ಈ ಸಂಗೀತ ಕಚೇರಿ ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ, 40 ವರ್ಷಗಳ ನಂತರ. ಬೆಟ್ಟಿಯವರಿಗೆ ನಾನು ಋಣಿ.

ಆದರೆ ನನ್ನ ಮನಸ್ಸು ನಿಂತಿರುವುದು 1972ರ ಆಗಸ್ಟ್ 27ರಲ್ಲಿ. ಆರೆಗಾನ್ ರಾಜ್ಯದ ವೆನೆಟಾ, ಬಟಾಬಯಲು, ಸುಡುಬಿಸಿಲು. ಕಷ್ಟದಲ್ಲಿದ್ದ ಸ್ಪ್ರಿಂಗ್‌ಫೀಲ್ಡ್ ಕ್ರೀಮರಿ ಎಂಬ ಹಾಲಿನ ಡೈರಿಗೆ ನೆರವಾಗಲು ನುಡಿಸಿದ್ದು. ಟಿಕೆಟ್ ಅಚ್ಚಾಗಿದ್ದು ಮೊಸರಿನ ಡಬ್ಬಿಯ ಲೇಬಲ್ ಮೇಲೆ. ಸೆಕೆಗೆ ವಾದ್ಯಗಳ ಶ್ರುತಿ ಜಾರುತ್ತಲೇ ಇತ್ತು, ಅದು ಕಿವಿಗೆ ತಿಳಿಯುತ್ತದೆ. ಆಗ ಇದ್ದದ್ದು ಒಬ್ಬರೇ ಡ್ರಮ್ಮರ್, ಬಿಲ್ ಕ್ರೂಟ್ಸ್‌ಮನ್. ಹಾಗಾಗಿ ತಾಳ ಹಗುರ, ತಿರುಗಬೇಕೆಂದಲ್ಲಿ ಥಟ್ಟನೆ ತಿರುಗುತ್ತದೆ. ಅರ್ಧ ಗಂಟೆ ಮೀರಿದ ‘ಡಾರ್ಕ್ ಸ್ಟಾರ್’ ಮೊದಲ ಮೂರು ಸಲ ನನಗೆ ಬರೀ ಗದ್ದಲವೆನಿಸಿತ್ತು. ನಾಲ್ಕನೆಯ ಸಲ, ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿದ್ದಾಗ, ಆಲಾಪನೆಯಂತೆ ಕೇಳಿದೆ. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂಬುದು ಅಂದು ಹೊಳೆಯಿತು. ಅಷ್ಟು ದೂರ ಅಲೆದಾಡಿಸಿ ಕೊನೆಗೆ ‘ಎಲ್ ಪಾಸೊ’ ಎಂಬ ಕೌಬಾಯ್ ಹಾಡಿಗೆ ಇಳಿಯುತ್ತಾರೆ, ಮನೆ ಬಾಗಿಲು ಕಂಡಂತೆ. 2013ರಲ್ಲಿ ಹೊರಬಂದ ಆವೃತ್ತಿಯಲ್ಲಿ ಆ ದಿನದ ಚಲನಚಿತ್ರವೂ ಇದೆ, ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

1978ರ ಸೆಪ್ಟೆಂಬರ್‌ನಲ್ಲಿ ಗೀಜಾ ಪಿರಮಿಡ್‌ಗಳ ಬುಡದಲ್ಲಿ ನುಡಿಸಿದ್ದು ಕತೆಯಾಗಿ ದೊಡ್ಡದು, ಸಂಗೀತವಾಗಿ ಅಷ್ಟಲ್ಲ. ನುಬಿಯಾದ ಸಂಗೀತಗಾರ ಹಮ್ಜಾ ಎಲ್ ದೀನ್ ಬಳಗದ ಚಪ್ಪಾಳೆಯ ಲಯಕ್ಕೆ ತಂಡದವರು ಒಬ್ಬೊಬ್ಬರಾಗಿ ಸೇರಿಕೊಳ್ಳುವ ಭಾಗವನ್ನು ಮಾತ್ರ ಮತ್ತೆ ಮತ್ತೆ ಹಾಕುತ್ತೇನೆ.

ಬಳಕೆಯ ಬಗ್ಗೆ ಒಂದು ಮಾತು. ಆರ್ಕೈವ್‌ನಲ್ಲಿ ಸೌಂಡ್‌ಬೋರ್ಡ್ ಪ್ರತಿಗಳನ್ನು, ಅಂದರೆ ಕಚೇರಿಯ ಧ್ವನಿ ಮಿಕ್ಸರ್‌ನಿಂದ ನೇರವಾಗಿ ಮುದ್ರಿಸಿದವನ್ನು, ಅಲ್ಲೇ ಕೇಳಬಹುದು, ಇಳಿಸಿಕೊಳ್ಳಲಾಗದು. ಪ್ರೇಕ್ಷಕರು ಮಾಡಿದ ಪ್ರತಿಗಳನ್ನು ಇಳಿಸಿಕೊಳ್ಳಬಹುದು. ಅವುಗಳಲ್ಲಿ ಗದ್ದಲ ಜಾಸ್ತಿಯೆಂದು ವರ್ಷಗಟ್ಟಲೆ ದೂರವಿಟ್ಟು ತಪ್ಪು ಮಾಡಿದೆ. ಕಾರ್ನೆಲ್ ಸೌಂಡ್‌ಬೋರ್ಡ್ ಬಾಯಿಪಾಠವಾದ ಮೇಲೆ ಅದೇ ರಾತ್ರಿಯ ಪ್ರೇಕ್ಷಕರ ಟೇಪನ್ನು ಹೆಡ್‌ಫೋನ್‌ನಲ್ಲಿ ಕೇಳಿ. ಆ ಸಭಾಂಗಣ ಎಷ್ಟು ದೊಡ್ಡದಿತ್ತು, ಜನ ಎಲ್ಲಿ ಕೂಗಿದರು, ಎಲ್ಲಿ ಉಸಿರು ಬಿಗಿಹಿಡಿದರು ಎಂಬುದು ಕೇಳಿಸುವುದು ಅದರಲ್ಲೇ.