ಎರಡು ಆಡಿಯೋ, ಎರಡು ಸಬ್‌ಟೈಟಲ್ ಇರುವ ವಿಡಿಯೋಗೆ ಯಾವ ಸಾಫ್ಟ್‌ವೇರ್?

ಬಳ್ಳಾರಿಯಲ್ಲಿ ಮನೆಮನೆಯಲ್ಲೂ ಕನ್ನಡ, ತೆಲುಗು ಎರಡೂ ಕೇಳಿಸುತ್ತವೆ. ಹಾಗಾಗಿ ಬಯಲಾಟದ ವಿಡಿಯೋ ಮಾಡಿದರೂ ಎರಡು ಭಾಷೆಯ ವಿವರಣೆ, ಎರಡು ಸಬ್‌ಟೈಟಲ್ ಇಡುವ ಆಸೆ ಸಹಜ ಅಲ್ವಾ?

ಬರೀ ಮುಂದಿನ, ಹಿಂದಿನ ಭಾಗ ಕತ್ತರಿಸಬೇಕಾದರೆ ಲಾಸ್‌ಲೆಸ್‌ಕಟ್ ಸಾಕು. ಎಲ್ಲ ಟ್ರ್ಯಾಕ್‌ಗಳನ್ನೂ (ಚಿತ್ರ, ಒಂದೊಂದು ಭಾಷೆಯ ದನಿ, ಒಂದೊಂದು ಸಬ್‌ಟೈಟಲ್) ಉಳಿಸಿಕೊಳ್ಳಬಹುದು. ವಿಡಿಯೋವನ್ನು ಮತ್ತೆ ಎನ್‌ಕೋಡ್ ಮಾಡುವುದಿಲ್ಲ (ಅಂದರೆ ಹೊಸದಾಗಿ ಕುಗ್ಗಿಸಿ ಬರೆಯುವುದಿಲ್ಲ), ಅದಕ್ಕೇ ಗುಣಮಟ್ಟ ಕೆಡುವುದಿಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಬೇಗ ಮುಗಿಯುತ್ತದೆ. ಆದರೆ ಕತ್ತರಿ ಕೀಫ್ರೇಮ್ (ಅಲ್ಲಲ್ಲಿ ಪೂರ್ತಿ ಚಿತ್ರವಾಗಿ ಉಳಿಸಿಟ್ಟ ಫ್ರೇಮ್) ಇದ್ದಲ್ಲೇ ಬೀಳುತ್ತದೆ. ನೀವು ಗುರುತಿಸಿದ ಜಾಗಕ್ಕಿಂತ ಸ್ವಲ್ಪ ಹಿಂದೆ ಶುರುವಾಗಬಹುದು. ಹಾಡಿನ ಮೊದಲ ಸೊಲ್ಲಿಗೇ ಸರಿಯಾಗಿ ಶುರುವಾಗಬೇಕು ಅನ್ನುವವರಿಗೆ ಇದು ಕಿರಿಕಿರಿ.

ಎಂಕೆವಿಟೂಲ್‌ನಿಕ್ಸ್ ಟ್ರ್ಯಾಕ್ ಜೋಡಿಸುವುದಕ್ಕೆ, ಬೇಡದ್ದನ್ನು ಬಿಡುವುದಕ್ಕೆ. ಭಾಷೆಯ ಹೆಸರು ಹಾಕಬಹುದು, ಮೊದಲು ಯಾವುದು ಕೇಳಿಸಬೇಕು ಎಂದು ಗುರುತಿಸಬಹುದು, ದನಿ ಹಿಂದೆ ಬಿದ್ದಿದ್ದರೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಸರಿಮಾಡಬಹುದು. ನನಗೆ ತುಂಬಾ ಇಷ್ಟ ಇದು. ಕೊಡುವುದು ಮಾತ್ರ ಎಂಕೆವಿ ಫೈಲ್, ಅಂದರೆ ಹಲವು ಟ್ರ್ಯಾಕ್‌ಗಳನ್ನು ಒಟ್ಟಿಗೆ ಇಡುವ ಒಂದು ಬಗೆಯ ವಿಡಿಯೋ ಫೈಲ್.

ಡಾವಿಂಚಿ ರಿಸಾಲ್ವ್ ನಿಜವಾದ ಎಡಿಟಿಂಗ್‌ಗೆ: ಬಣ್ಣ, ಶಬ್ದ, ಫ್ರೇಮಿಗೆ ಸರಿಯಾದ ಕತ್ತರಿ. ಉಚಿತ ಆವೃತ್ತಿಯೂ ಇದೆ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಸಬ್‌ಟೈಟಲನ್ನು ಎಸ್‌ಆರ್‌ಟಿ (ಸಾಲು, ಅದರ ಸಮಯ ಬರೆದಿಟ್ಟ ಪಠ್ಯ) ಫೈಲಾಗಿ ಬೇರೆ ಇಟ್ಟುಕೊಂಡು ತರುವುದು ಒಳ್ಳೆಯದು.

ನಾನಾದರೆ ರಿಸಾಲ್ವ್‌ನಲ್ಲಿ ಎಡಿಟ್ ಮಾಡಿ, ಟ್ರ್ಯಾಕ್‌ಗಳನ್ನು ಕೊನೆಗೆ ಎಂಕೆವಿಟೂಲ್‌ನಿಕ್ಸ್‌ನಲ್ಲಿ ಸೇರಿಸುತ್ತೇನೆ.