ಕಲಬುರಗಿಯ ಬಿಸಿಲಿಗೆ ದುಡ್ಡು ಎಲ್ಲಿ ಹಾಕಬೇಕು: ಮಾಳಿಗೆಗೋ, ಕಿಟಕಿ ಗಾಜಿಗೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಮಾಳಿಗೆಯ ಪಕ್ಷ. ಕಲಬುರಗಿಯಂಥ ಊರಲ್ಲಿ ಹೊಸ ಮನೆ ಕಟ್ಟುವವರು ತಂಪಿಗೆಂದು ಒಂದಿಷ್ಟು ದುಡ್ಡು ಎತ್ತಿಟ್ಟಿದ್ದರೆ ಅದರ ಮುಕ್ಕಾಲು ಪಾಲು ಸ್ಲ್ಯಾಬಿನ ಮೇಲೆ ಹೋಗಲಿ, ಉಳಿದದ್ದು ಕಿಟಕಿಯ ಹೊರಗಿನ ನೆರಳಿಗೆ. ಗಾಜಿನ ಸರದಿ ಕೊನೆಗೆ. ನಮ್ಮಣ್ಣ ಇದನ್ನು ಒಪ್ಪುವುದಿಲ್ಲ. ಅವನ ಲೆಕ್ಕದಲ್ಲೂ ಹುರುಳಿದೆ, ಅದು ಆಮೇಲೆ.

ನಮ್ಮಿಬ್ಬರ ಮನೆ ಒಂದೇ ಸೈಟಿನಲ್ಲಿ, ನಡುವೆ ಒಂದೇ ಗೋಡೆ. ನಕ್ಷೆ ಒಂದೇ, ಗೌಂಡಿ ಒಬ್ಬನೇ, ಎರಡೂ ಮನೆಯ ಮಲಗುವ ಕೋಣೆ ಪಶ್ಚಿಮಕ್ಕೆ. ಅಣ್ಣ ದುಡ್ಡು ಹಾಕಿದ್ದು ಜೋಡಿ ಗಾಜಿನ ಕಿಟಕಿಗೆ ಮತ್ತು ಒಳಗಡೆ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹತ್ತಿ) ತುಂಬಿದ ಫಾಲ್ಸ್ ಸೀಲಿಂಗಿಗೆ. ನಾನು ಮಾಳಿಗೆಯ ಮೇಲೆ 50 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಥರ್ಮಾಕೋಲ್ ಜಾತಿಯ ಗಟ್ಟಿ ಫೋಮಿನದು) ಹಾಸಿಸಿ, ಕಿಟಕಿಗೆ ಸಾದಾ 5 ಮಿ.ಮೀ. ಗಾಜು ಹಾಕಿಸಿದೆ. ಹಿತ್ತಲಲ್ಲಿ ಅಪ್ಪ-ಅಮ್ಮ ಇರುವ ಹಳೆಯ ಕೋಣೆಗೆ ಮಾಳಿಗೆಯ ಮೇಲೆ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ಪೇಂಟ್ ಬಳಿಸಿದೆವು. ಹೀಗೆ ಮೂರು ಪದ್ಧತಿಗಳು ಒಂದೇ ಕಂಪೌಂಡಿನಲ್ಲಿ ಸಿಕ್ಕವು. ಬೇಸಿಗೆಯಲ್ಲಿ ಬಂದ ನೆಂಟರೆಲ್ಲ ಮೂರೂ ಕಡೆ ಕೂತು ನೋಡಿ ತೀರ್ಪು ಕೊಟ್ಟು ಹೋಗುತ್ತಾರೆ.

ಮಾಳಿಗೆಗೆ ಯಾಕಿಷ್ಟು ಮಹತ್ವ? ನಮ್ಮೂರು ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಚೂರು ಮೇಲೆ. ಮೇ ಎರಡನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಗೆ ಬಿಸಿಲು ಓರೆಯಾಗಿ ತಾಗುತ್ತದೆ, ಅದೂ ದಿನದ ಕೆಲವೇ ತಾಸು. ಸ್ಲ್ಯಾಬು ಬೆಳಗಿನಿಂದ ಸಂಜೆಯವರೆಗೆ ಬಿಡುವಿಲ್ಲದೆ ಕಾಯುತ್ತದೆ. ಕಾಂಕ್ರೀಟಿಗೆ ಇನ್ನೊಂದು ಗುಣವಿದೆ, ಹಗಲು ಕುಡಿದ ಕಾವನ್ನು ಅದು ರಾತ್ರಿ ಕೆಳಗೆ ಬಿಡುತ್ತದೆ. ಹತ್ತು ಗಂಟೆಗೆ ಫ್ಯಾನು ಹಾಕಿದರೆ ಬಿಸಿಗಾಳಿ ಸುರಿಯುವುದು ಅದಕ್ಕೇ. ಹಳ್ಳಿಯ ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಈ ರಾತ್ರಿಯ ಧಗೆ ಗೊತ್ತೇ ಇರಲಿಲ್ಲ. ಅಲ್ಲಿ ತಲೆಯ ಮೇಲೆ ದಪ್ಪನೆಯ ಮಣ್ಣಿತ್ತು. ಆರು ಇಂಚಿನ ಸ್ಲ್ಯಾಬು ಬಂದ ಮೇಲೆ ಮಣ್ಣು ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ.

ಲೆಕ್ಕ ಬೇಕೆನ್ನುವವರಿಗೆ: ಬರಿಯ ಸ್ಲ್ಯಾಬಿನ ಯು-ವ್ಯಾಲ್ಯೂ, ಅಂದರೆ ಒಂದು ಚದರ ಮೀಟರಿನಲ್ಲಿ ಕಾವು ದಾಟುವ ವೇಗ, 3ರ ಮೇಲಿರುತ್ತದೆ. 2018ರಲ್ಲಿ ಕೇಂದ್ರ ಇಂಧನ ಸಚಿವಾಲಯ ವಸತಿ ಕಟ್ಟಡಗಳಿಗೆಂದು ತಂದ ಎಕೋ ನಿವಾಸ್ ಸಂಹಿತಾ ಮಾಳಿಗೆಗೆ 1.2ರ ಮಿತಿ ಹಾಕಿದೆ. 50 ಮಿ.ಮೀ. ಎಕ್ಸ್‌ಪಿಎಸ್ ಹಾಸಿದರೆ ಸ್ಲ್ಯಾಬಿನ ಯು-ವ್ಯಾಲ್ಯೂ 0.5ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ದೊಡ್ಡ ಇಳಿತ ಮನೆಯ ಬೇರೆ ಯಾವ ಭಾಗದಲ್ಲೂ ಇಷ್ಟು ಕಡಿಮೆ ದುಡ್ಡಿಗೆ ಸಿಗುವುದಿಲ್ಲ. ನಮಗೆ ಹಲಗೆಗೆ ಬಿದ್ದದ್ದು ಚದರಡಿಗೆ 70 ರೂಪಾಯಿಯ ಆಜೂಬಾಜು. ಮೇಲಿನ ಕಾಂಕ್ರೀಟು, ಬಿಳಿ ಹೆಂಚಿನ ಚೂರು, ಕೂಲಿ ಬೇರೆ. ಆದರೆ ಸೋರದಂತೆ ಇಳಿಜಾರು ಮಾಡಿಸಲು ಆ ಖರ್ಚು ಹೇಗೂ ಇದ್ದದ್ದೇ.

ಹಲಗೆ ಬಂದ ದಿನ ಗೌಂಡಿ ಅದನ್ನು ಬೆರಳಲ್ಲಿ ಕುಕ್ಕಿ ನೋಡಿ, “ಏನ್ರೀ ಸಾಹೇಬ್ರ, ಥರ್ಮಾಕೋಲ್ ಮ್ಯಾಲ ಕಾಂಕ್ರೀಟ್ ಹಾಕ್ತೀರೇನ್ರಿ?” ಅಂದ. ಅವನ ಅನುಮಾನ ಸಹಜ. ಟಿವಿ ಪೆಟ್ಟಿಗೆಯೊಳಗೆ ಬರುವ ಥರ್ಮಾಕೋಲ್ ನೀರು ಹೀರುತ್ತದೆ, ಕಾಲಿಟ್ಟರೆ ಕುಸಿಯುತ್ತದೆ. ಎಕ್ಸ್‌ಪಿಎಸ್ ಒತ್ತಾದ ಮುಚ್ಚಿದ ಗುಳ್ಳೆಗಳದ್ದು, ನೀರು ಒಳಗೆ ಇಳಿಯುವುದಿಲ್ಲ. ನಾವು ತಂದದ್ದರ ಮೇಲೆ 200 ಕಿಲೋಪಾಸ್ಕಲ್ ಎಂದು ಬರೆದಿತ್ತು, ಅಂದರೆ ಚದರ ಮೀಟರಿಗೆ ಸುಮಾರು 20 ಟನ್ ಭಾರ. ಮೊದಲು ವಾಟರ್‌ಪ್ರೂಫಿಂಗ್, ಅದರ ಮೇಲೆ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಕೋಳಿ ಜಾಲರಿ ಹಾಸಿ ಎರಡು ಇಂಚು ಕಾಂಕ್ರೀಟು, ಕೊನೆಗೆ ಬಿಳಿ ಹೆಂಚಿನ ಚೂರು. ಎಚ್ಚರ ಇರಬೇಕಾದದ್ದು ಒಂದೇ: ಪೆಟ್ರೋಲ್, ಥಿನ್ನರ್ ಜಾತಿಯ ಅಂಟು ತಾಗಿದರೆ ಹಲಗೆ ಕರಗಿಹೋಗುತ್ತದೆ. ವಾಟರ್‌ಪ್ರೂಫಿಂಗ್ ಮಾಡುವವನು ಯಾವ ಡಬ್ಬಿ ತಂದಿದ್ದಾನೆ ಎಂದು ಮುಚ್ಚಳ ತೆಗೆಸಿ ಮೂಸಿ ನೋಡಿ.

ಅಣ್ಣನ ಫಾಲ್ಸ್ ಸೀಲಿಂಗ್ ಕೆಲಸ ಮಾಡುವುದಿಲ್ಲವೆಂದಲ್ಲ. ಕೋಣೆಯ ಎತ್ತರ ಇಳಿದು ಎಸಿ ಬೇಗ ತಂಪು ಮಾಡುತ್ತದೆ. ಆದರೆ ಕಾವನ್ನು ತಡೆದದ್ದು ಸ್ಲ್ಯಾಬಿನ ಕೆಳಗೆ. ಸ್ಲ್ಯಾಬು ಮೊದಲಿನಂತೆಯೇ ಬೇಯುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಪ್ಯಾರಪೆಟ್ ಗೋಡೆಯ ಬುಡದಲ್ಲಿ ಅವನ ಕಡೆ ಕೂದಲೆಳೆಯ ಬಿರುಕು ಕಾಣಿಸಿದೆ, ನನ್ನ ಕಡೆ ಇಲ್ಲ. ಕರೆಂಟು ಹೋದ ಮಧ್ಯಾಹ್ನ ಅವನ ಮನೆಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿ.

ಕೂಲ್ ಪೇಂಟ್: ಅಗ್ಗ, ಒಂದೇ ದಿನದ ಕೆಲಸ, ಹಚ್ಚಿದ ವರ್ಷ ಫಲ ನಿಚ್ಚಳ. ನಮ್ಮೂರ ದೂಳಿಗೆ ಮರುವರ್ಷವೇ ಬೂದುಬಣ್ಣಕ್ಕೆ ತಿರುಗುತ್ತದೆ. ಶಿವರಾತ್ರಿ ಕಳೆದ ಮೇಲೆ ಒಮ್ಮೆ ತಿಕ್ಕಿ ತೊಳೆಯುವ ಉಮೇದು ಇದ್ದವರಿಗೆ ಒಳ್ಳೆಯದು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿದೆ. ಈಗಾಗಲೇ ಕಟ್ಟಿ ಮುಗಿದ ಮನೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಶ್ಚಿಮದ ಗೋಡೆಯೊಂದನ್ನು ಇಬ್ಬರೂ ಎಂಟು ಇಂಚಿನ ಎಎಸಿ ಬ್ಲಾಕಿನಲ್ಲಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನದು) ಕಟ್ಟಿಸಿದೆವು, ಉಳಿದದ್ದು ಇಟ್ಟಿಗೆ. ಕಾಲಮ್ಮಿಗೆ ಬ್ಲಾಕು ಸೇರುವಲ್ಲಿ ಜಾಲರಿ ಬಡಿಯದೆ ಗಿಲಾವು ಮಾಡಿದರೆ ಸೀಳುವುದು ಖಂಡಿತ.

ಇನ್ನು ಗಾಜು. ಅಂಗಡಿಯವರು ತೋರಿಸುವ ಕ್ಯಾಟಲಾಗಿನಲ್ಲಿ ಯು-ವ್ಯಾಲ್ಯೂವನ್ನೇ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಹಿಮ ಬೀಳುವ ದೇಶಗಳ ಚಿಂತೆ, ಒಳಗಿನ ಬೆಚ್ಚಗೆ ಹೊರಗೆ ಹೋಗಬಾರದು ಎಂಬುದು. ನಮಗೆ ಬೇಕಾದ ಅಂಕಿ ಎಸ್‌ಎಚ್‌ಜಿಸಿ, ಗಾಜಿಗೆ ಬಿದ್ದ ಬಿಸಿಲಿನ ಕಾವಿನಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. ಸಾದಾ ಗಾಜಿನಲ್ಲಿ 0.8ರ ಮೇಲೆ. ಎರಡು ಸಾದಾ ಗಾಜು ಜೋಡಿಸಿದರೂ 0.7ರ ಹತ್ತಿರವೇ ನಿಲ್ಲುತ್ತದೆ, ಅಂದರೆ ಜೋಡಿ ಗಾಜು ಎಂಬ ಹೆಸರಿಗೆ ಮಾತ್ರ ದುಡ್ಡು ಕೊಟ್ಟರೆ ಪಶ್ಚಿಮದ ಬಿಸಿಲು ಬಹುಪಾಲು ಒಳಗೇ. ಬಿಸಿಲು ತಡೆಯುವ ಲೋ-ಇ ಲೇಪ ಇದ್ದರೆ 0.3ಕ್ಕೆ, ಅದಕ್ಕೂ ಕೆಳಗೆ ಇಳಿಸಬಹುದು. ಅಣ್ಣ ಹಾಕಿಸಿದ್ದು ಅದನ್ನೇ. ಕೆಲಸ ಚೆನ್ನಾಗಿದೆ, ಬೆಳಕೂ ಬರುತ್ತದೆ, ರಸ್ತೆಯ ಸದ್ದೂ ಕಡಿಮೆ. ಬೆಲೆ ಮಾತ್ರ ನನ್ನ ಗಾಜಿನ ಹಲವು ಪಟ್ಟು. ಎರಡು ಗಾಜಿನ ನಡುವಿನ ಸೀಲು ಎಂದಾದರೂ ಬಿಟ್ಟುಕೊಟ್ಟರೆ ಒಳಗೆ ಮಂಜು ಕಟ್ಟುತ್ತದೆ, ಒರೆಸಲಾಗುವುದಿಲ್ಲ, ಇಡೀ ಗಾಜೇ ಬದಲಾಯಿಸಬೇಕು.

ತಂದವರು ಲೇಪದ ಜೋಡಿ ಗಾಜನ್ನು ತಿರುವುಮುರುವು ಕೂರಿಸಿಲ್ಲವೆಂದು ನೋಡುವ ಉಪಾಯ: ಕತ್ತಲಾದ ಮೇಲೆ ಹೊರಗೆ ನಿಂತು ಗಾಜಿನ ಮುಂದೆ ಲೈಟರ್ ಹಚ್ಚಿ. ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣುತ್ತವೆ, ಒಂದರ ಬಣ್ಣ ಬೇರೆ. ಬಿಸಿಲು ತಡೆಯುವ ಗಾಜಿನಲ್ಲಿ ಹೊರಗಿನಿಂದ ಎರಡನೆಯದು ಬೇರೆ ಬಣ್ಣದ್ದಾಗಿರಬೇಕು. ಮೂರನೆಯದಾಗಿದ್ದರೆ ಕೆಲಸದವರನ್ನು ಅಲ್ಲೇ ನಿಲ್ಲಿಸಿಕೊಳ್ಳಿ, ಬಾಕಿ ಕೊಡುವ ಮೊದಲೇ.

ನಾನು ಮಾಡಿದ್ದು ಪಶ್ಚಿಮದ ಕಿಟಕಿಗಳ ಹೊರಗೆ ಬಿದಿರಿನ ಚಿಕ್ಕು, ಅಂದರೆ ಕಡ್ಡಿ ಹೆಣೆದ ಪರದೆ, ಇಳಿಬಿಟ್ಟದ್ದು. ನಾಲ್ಕು ಗಂಟೆಯ ನಂತರ ಸೂರ್ಯ ತಗ್ಗಿ ಬರುತ್ತಾನೆ, ಎರಡಡಿ ಚಜ್ಜಾ ಅವನಿಗೆ ಲೆಕ್ಕಕ್ಕಿಲ್ಲ. ದಕ್ಷಿಣಕ್ಕಾದರೆ ಅದೇ ಚಜ್ಜಾ ಧಾರಾಳ ಸಾಕು. ಚಿಕ್ಕು ಹೊರಗಿರುವುದೇ ಮುಖ್ಯ. ಒಳಗಿನ ಪರದೆಗೆ ತಾಗುವ ಹೊತ್ತಿಗೆ ಬಿಸಿಲು ಗಾಜು ದಾಟಿ ಮನೆಯೊಳಗೆ ಬಂದಾಗಿದೆ, ಪರದೆಯೇ ಕಾದು ಕೂರುತ್ತದೆ. ಚಿಕ್ಕು ಎರಡು-ಮೂರು ವರ್ಷಕ್ಕೆ ಹರಿಯುತ್ತದೆ, ಗಾಳಿಗೆ ಬಡಿದುಕೊಳ್ಳುತ್ತದೆ, ಸಂಜೆ ಎತ್ತಿ ಕಟ್ಟಬೇಕು. ಅತ್ತಿಗೆಗೆ ಈ ರಗಳೆ ಆಗದು. ನನಗೆ ಆಗುತ್ತದೆ.

ನಿಜವಾಗಿ ತಲೆ ತಿಂದದ್ದು ಗಾಜೂ ಅಲ್ಲ, ಚೌಕಟ್ಟೂ ಅಲ್ಲ. ಗ್ರಿಲ್ಲು ಮತ್ತು ಸೊಳ್ಳೆ ಜಾಲರಿ.

ನಾನು ಸ್ಲೈಡಿಂಗ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಎರಡು ಕದದ ಸ್ಲೈಡಿಂಗ್ ಕಿಟಕಿ ಎಷ್ಟೇ ಅಗಲವಿದ್ದರೂ ತೆರೆಯುವುದು ಅರ್ಧವೇ, ಕೆಳಗಿನ ಹಳಿಯಲ್ಲಿ ದೂಳು ತುಂಬಿ ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ಕದ ತೆರೆಯುವ ಕಿಟಕಿಯಾದರೆ ಪೂರ್ತಿ ಬಾಯಿ ಬಿಡುತ್ತದೆ, ಮುಚ್ಚಿದರೆ ಸುತ್ತಲಿನ ರಬ್ಬರು ಒತ್ತಿ ಹಿಡಿಯುತ್ತದೆ. ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ, ಕಿಟಕಿ ಅಂಗಡಿಯವರು ಬಂದು ಅಳತೆ ತೆಗೆದರು, ಅಡ್ವಾನ್ಸ್ ತೆಗೆದುಕೊಂಡರು, ಹೊರಕ್ಕೆ ತೆರೆಯುವ ಕದ ತಂದು ಕೂರಿಸಿದರು. ಕಬ್ಬಿಣದ ಗ್ರಿಲ್ಲು ಒಳಗಡೆ. ಆಮೇಲೆ ಜಾಲರಿಯವನು ಬಂದು ಗ್ರಿಲ್ಲಿನ ಒಳಮೈಗೆ ಜಾಲರಿಯ ಫ್ರೇಮನ್ನು ಸ್ಕ್ರೂ ಹಾಕಿ ಬಿಗಿದು ಹೋದ.

ಅಂದು ಸಂಜೆ ಕಿಟಕಿ ಮುಚ್ಚಲು ಹೋದರೆ ಹಿಡಿಕೆ ಜಾಲರಿಯ ಆಚೆ! ಕೈ ಹೋಗುವ ದಾರಿಯೇ ಇಲ್ಲ. ಗಾಳಿಮಳೆ ಬಂದರೆ ಅಂಗಳಕ್ಕೆ ಓಡಿ ಹೊರಗಿನಿಂದ ಕದ ದೂಡಬೇಕು, ಚಿಲಕ ಮಾತ್ರ ಒಳಗೆ. ಅಜ್ಜನ ಕಾಲದ ಕಟ್ಟಿಗೆ ಕಿಟಕಿಯಲ್ಲೂ ಕದ ಹೊರಕ್ಕೇ ತೆರೆಯುತ್ತಿತ್ತು, ಆದರೆ ನೆಟ್ಟಗಿನ ಸರಳುಗಳ ನಡುವೆ ಕೈ ತೂರುತ್ತಿತ್ತು, ಜಾಲರಿ ಇರಲಿಲ್ಲ. ಅಂಗಡಿಗೆ ಫೋನು ಮಾಡಿದರೆ ಗ್ರಿಲ್ಲು ತಮ್ಮದಲ್ಲ ಎಂದರು. ವೆಲ್ಡಿಂಗಿನವನು ಕಿಟಕಿ ತನ್ನದಲ್ಲ ಎಂದ. ಜಾಲರಿಯವನು ಸುತ್ತಿಕೊಳ್ಳುವ ರೋಲರ್ ಜಾಲರಿ ಹಾಕಿಸಿ ಎಂದ, ಅದರ ಬೆಲೆ ಕೇಳಿ ನಾನು ಸುಮ್ಮನಾದೆ. ಅದರ ತೆಳುಹಳಿ ನಮ್ಮ ದೂಳಿನಲ್ಲಿ ಎಷ್ಟು ದಿನ ಓಡೀತು ಎಂಬ ಸಂಶಯವೂ ಇತ್ತು.

ಒಂದು ಕೋಣೆಯ ಕಿಟಕಿ ಕೀಳಿಸಿ, ಉಳಿದವಕ್ಕೆ ಕ್ರಮವನ್ನೇ ತಿರುಗಿಸಿದೆ. ಎಲ್ಲಕ್ಕಿಂತ ಹೊರಗೆ ಗ್ರಿಲ್ಲು, ಅದರ ಒಳಮೈಗೆ ವೆಲ್ಕ್ರೋ ಜಾಲರಿ, ಕೊನೆಗೆ ಒಳಕ್ಕೆ ತೆರೆಯುವ ಕದ. ಈಗ ಕದ ಮುಚ್ಚಲು ಜಾಲರಿ ದಾಟಬೇಕಿಲ್ಲ, ಜಾಲರಿ ಒಗೆಯಬೇಕಾದರೆ ಕದ ತೆರೆದು ಕಿತ್ತರಾಯಿತು. ಒಳಕ್ಕೆ ತೆರೆದ ಕದ ಹಣೆಗೆ ಬಡಿಯುತ್ತದೆ ಎಂಬ ತಕರಾರು ನಿಜ. ಅದಕ್ಕೆ ಉಪಾಯ, ಚೌಕಟ್ಟನ್ನು ಗೋಡೆಯ ನಡುವೆ ಕೂರಿಸದೆ ಒಳಮೈಗೆ ಸರಿಯಾಗಿ ಕೂರಿಸುವುದು. ಆಗ ಕದ ಪೂರ್ತಿ ತಿರುಗಿ ಗೋಡೆಗೆ ಒರಗುತ್ತದೆ. ಗಾಜು ಗೋಡೆಯ ದಪ್ಪದಷ್ಟು ಒಳಗೆ ಸರಿದದ್ದರಿಂದ ಒಂದಿಷ್ಟು ನೆರಳೂ ಪುಕ್ಕಟೆ. ಪರದೆಯ ಕೋಲನ್ನು ಮಾತ್ರ ಎತ್ತರಕ್ಕೆ, ಅಗಲಕ್ಕೆ ಹಾಕಿಸಬೇಕು, ಕಿಟಕಿಯ ಕೆಳಗೆ ಮೇಜು ಇಡುವ ಆಸೆ ಬಿಡಬೇಕು. ಗಿಲಾವು ಶುರುವಾಗುವ ಮೊದಲು ಕಿಟಕಿಯವನು, ವೆಲ್ಡಿಂಗಿನವನು, ಜಾಲರಿಯವನು, ಗೌಂಡಿ, ನಾಲ್ವರನ್ನೂ ಒಂದೇ ಕಿಟಕಿಯ ಮುಂದೆ ನಿಲ್ಲಿಸಿ ಮಾತಾಡಿಸಿ.

ಚೌಕಟ್ಟಿಗೆ ಅಲ್ಯೂಮಿನಿಯಂ ಬೇಡವೆನ್ನುತ್ತೇನೆ, ಮಧ್ಯಾಹ್ನ ಮುಟ್ಟಿ ನೋಡಿದರೆ ಸಾಕು. ತೇಗ ಚೆಂದ, ನನ್ನ ಜೇಬಿಗೆ ಆಗಲಿಲ್ಲ.

ಈಗ ಅಣ್ಣನ ಲೆಕ್ಕ. ಅವನದು ಬಟ್ಟೆ ಅಂಗಡಿ, ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ. ಬಂದವನೇ ಎಸಿ ಹಾಕಿ ಕಿಟಕಿ ಮುಚ್ಚುತ್ತಾನೆ. ಎಸಿ ಇದ್ದವರಿಗೆ ಬಿಗಿ ಕಿಟಕಿ, ಒಳ್ಳೆಯ ಗಾಜು, ತಗ್ಗಿದ ಸೀಲಿಂಗು ಎಲ್ಲವೂ ಬಿಲ್ಲಿನಲ್ಲಿ ಕಾಣುತ್ತವೆ. ನಾನು ಸರ್ಕಾರಿ ನೌಕರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ, ಹಾಗಾಗಿ ಬಿಸಿಲು ನೆತ್ತಿ ಸುಡುವ ಹೊತ್ತಿಗೇ ನಾನು ಮನೆಯಲ್ಲಿ. ನಮ್ಮಲ್ಲಿರುವುದು ಕೂಲರ್. ಕೂಲರಿಗೆ ಎದುರಿನ ಕಿಟಕಿ ತೆರೆದೇ ಇರಬೇಕು, ಇಲ್ಲದಿದ್ದರೆ ತೇವ ಒಳಗೇ ಉಳಿದು ಮೈ ಅಂಟಂಟು. ಕಿಟಕಿ ತೆರೆದೇ ಇಡುವವನಿಗೆ ದುಬಾರಿ ಜೋಡಿ ಗಾಜು ಯಾಕೆ? “ಕಿಡಕಿ ತಗದು ಕುಂತು ಮನಿ ತಂಪು ಅಂತೀಯಲ್ಲೋ ತಮ್ಮಾ” ಎಂದು ಅಣ್ಣ ನಗುತ್ತಾನೆ. ನಗಲಿ.

ನಿಮ್ಮ ಮನೆಯಲ್ಲಿ ಪ್ರತಿ ಕೋಣೆಗೂ ಎಸಿ ಇದ್ದು, ದುಡ್ಡಿಗೂ ತೊಂದರೆ ಇಲ್ಲದಿದ್ದರೆ ಎರಡನ್ನೂ ಮಾಡಿಸಿ, ಆದರೆ ಜೋಡಿ ಗಾಜು ಪಶ್ಚಿಮಕ್ಕಷ್ಟೇ ಸಾಕು. ದುಡ್ಡು ಬಿಗಿಯಿದ್ದರೆ ಎಕ್ಸ್‌ಪಿಎಸ್ ಮತ್ತು ಚಿಕ್ಕು. ಇನ್ನೂ ಬಿಗಿಯಿದ್ದರೆ ಬಿಳಿ ಬಣ್ಣ ಮತ್ತು ಚಿಕ್ಕು. ಮೇಲೊಂದು ಮಹಡಿ ಎಬ್ಬಿಸುತ್ತೇವೆಂದು ಕಾಲಮ್ಮಿನ ಸರಳು ಬಿಟ್ಟುಕೊಂಡವರಿಗೆ ಎಕ್ಸ್‌ಪಿಎಸ್ ಹೇಳುವುದಿಲ್ಲ, ನಾಲ್ಕೈದು ವರ್ಷಕ್ಕೆ ಅದನ್ನು ಒಡೆದು ತೆಗೆಯಬೇಕಾಗುತ್ತದೆ. ಅಲ್ಲಿಯವರೆಗೆ ಬಣ್ಣ ಹಚ್ಚಿ ದಾಟಿಸಿ, ಹಲಗೆಯ ದುಡ್ಡನ್ನು ಮೇಲಿನ ಮಹಡಿಯ ಮಾಳಿಗೆಗೆ ಎತ್ತಿಡಿ.